ಭೂಮಿ ಬಿಸಿಯಾಗುತ್ತಿದೆ: ತುಂಗಭದ್ರೆಯ ದಡದ ಭತ್ತದ ಗದ್ದೆಗೆ ಇದರಿಂದೇನು?

ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯು ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಯಿಂದಾಗಿ ನಾಡಿನ ಮೂಲೆ ಮೂಲೆಗೂ ಪರಿಚಿತವಾದ ಊರು. ಅಮಾವಾಸ್ಯೆ ಬಂತೆಂದರೆ ಇಲ್ಲಿ ಭಕ್ತರ ದಟ್ಟಣೆ. ಆದರೆ ಮಳೆಗಾಲದಲ್ಲಿ ಈ ಊರಿನ ಹೆಸರು ಬೇರೊಂದು ಕಾರಣಕ್ಕಾಗಿ ಕೇಳಿಬರುತ್ತದೆ. ತುಂಗಭದ್ರೆ ಉಕ್ಕಿದಾಗ ಪತ್ತೇಪುರ–ಉಕ್ಕಡಗಾತ್ರಿ ರಸ್ತೆಯ ಮೇಲೆ ನೀರು ಹರಿದು ಸಂಪರ್ಕ ಕಡಿದುಹೋಗುತ್ತದೆ. ಹೊಳೆದಂಡೆಯ ಭತ್ತದ ಗದ್ದೆಗಳೂ ತೋಟಗಳೂ ನೀರಿನಲ್ಲಿ ನಿಲ್ಲುತ್ತವೆ. 2019ರ ಆಗಸ್ಟ್ ತಿಂಗಳಿನಲ್ಲಿ ಹೀಗಾಯಿತು. 2024ರ ಜುಲೈ ಕೊನೆಯಲ್ಲಿಯೂ ಹೀಗೆಯೇ ಆಯಿತು.

ಈ ಎರಡು ನೆರೆಗಳ ನಡುವೆ 2023ನೆಯ ಇಸವಿ ಇದೆ. ಆ ವರ್ಷದ ಆಗಸ್ಟ್ ತಿಂಗಳು ಭಾರತದಲ್ಲಿ 1901ರಿಂದೀಚೆಗೆ ಅತ್ಯಂತ ಕಡಿಮೆ ಮಳೆ ಕಂಡ ಆಗಸ್ಟ್ ಆಗಿತ್ತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಭದ್ರಾ ಜಲಾಶಯ ತುಂಬಲಿಲ್ಲ. ನಾಲೆಗೆ ನೀರು ಬಿಡುವ ವಿಷಯದಲ್ಲಿ ದಾವಣಗೆರೆ ಭಾಗದ ರೈತರು ಬೀದಿಗಿಳಿಯಬೇಕಾಯಿತು. ಮುಂದಿನ ಬೇಸಿಗೆಯಲ್ಲಿ ಭತ್ತಕ್ಕೆ ಎಂದಿನಂತೆ ನೀರು ಸಿಗಲಿಲ್ಲ. ಇದ್ದ ನೀರನ್ನು ತೋಟದ ಬೆಳೆ ಉಳಿಸಿಕೊಳ್ಳಲು ಸರದಿಯ ಮೇಲೆ ಹಂಚಬೇಕಾಯಿತು.

ಹೀಗೆ ಒಂದೇ ತಾಲ್ಲೂಕಿನ ರೈತ ಒಂದು ವರ್ಷ ನೀರಿಲ್ಲದೆ ಬೆಳೆ ಕಳೆದುಕೊಂಡರೆ ಮರುವರ್ಷ ನೀರು ಹೆಚ್ಚಾಗಿ ಬೆಳೆ ಕಳೆದುಕೊಳ್ಳುತ್ತಾನೆ. ನೆರೆ ಮತ್ತು ಬರ ಒಂದಕ್ಕೊಂದು ವಿರುದ್ಧವಾದುವು ಎಂದು ನಾವು ತಿಳಿಯುತ್ತೇವೆ. ಆದರೆ ಈಗಿನ ದಿನಗಳಲ್ಲಿ ಇವೆರಡೂ ತೀವ್ರವಾಗುತ್ತಿರುವುದಕ್ಕೆ ಒಂದೇ ಕಾರಣ ಹಿನ್ನೆಲೆಯಲ್ಲಿದೆ. ಅದೇ ಭೂಮಿಯ ತಾಪಮಾನ ಏರಿಕೆ. ಈ ಏರಿಕೆಗೆ ಕಾರಣವೇನು, ನಮ್ಮ ಗದ್ದೆಗೂ ಇದಕ್ಕೂ ಇರುವ ಸಂಬಂಧವೇನು, ರೈತನ ಕೈಯಲ್ಲಿರುವ ಉಪಾಯವೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಭೂಮಿ ಬಿಸಿಯಾಗುವುದು ಹೇಗೆ?

ಮಾಗಿಯ ಕಾಲದಲ್ಲಿ ಆಕಾಶ ಶುಭ್ರವಾಗಿದ್ದ ರಾತ್ರಿ ಚಳಿ ಹೆಚ್ಚು. ಬೆಳಗಿನ ಹೊತ್ತಿಗೆ ಪೈರಿನ ಮೇಲೆ ಇಬ್ಬನಿ ಕೂತಿರುತ್ತದೆ. ಅದೇ ಮೋಡ ಮುಚ್ಚಿದ ರಾತ್ರಿ ಸೆಕೆ. ಇದು ಪ್ರತಿಯೊಬ್ಬ ರೈತನಿಗೂ ತಿಳಿದ ಸಂಗತಿ. ಹಗಲು ಸೂರ್ಯನಿಂದ ಕಾದ ನೆಲ ರಾತ್ರಿ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡವಿಲ್ಲದಿದ್ದರೆ ಶಾಖ ಸುಲಭವಾಗಿ ಹೊರಟುಹೋಗುತ್ತದೆ. ಮೋಡವಿದ್ದರೆ ಆ ಶಾಖದ ಒಂದು ಭಾಗ ತಡೆಯಲ್ಪಟ್ಟು ನೆಲಕ್ಕೆ ಹಿಂತಿರುಗುತ್ತದೆ.

ಗಾಳಿಯಲ್ಲಿರುವ ಕೆಲವು ಅನಿಲಗಳು ಕಣ್ಣಿಗೆ ಕಾಣದಿದ್ದರೂ ಇದೇ ಕೆಲಸ ಮಾಡುತ್ತವೆ. ಬಿಸಿಲನ್ನು ಒಳಗೆ ಬಿಡುತ್ತವೆ. ನೆಲದಿಂದ ಹೊರಡುವ ಶಾಖವನ್ನು ತಡೆಯುತ್ತವೆ. ಇವನ್ನು ಹಸಿರುಮನೆ ಅನಿಲಗಳೆಂದು ಕರೆಯುತ್ತಾರೆ. ಇವು ಇಲ್ಲದೇ ಇದ್ದಿದ್ದರೆ ಭೂಮಿ ಹೆಪ್ಪುಗಟ್ಟಿ ಹೋಗುತ್ತಿತ್ತು. ಆದುದರಿಂದ ಇವು ಇರುವುದು ತಪ್ಪಲ್ಲ. ಮಿತಿಮೀರಿ ಹೆಚ್ಚುತ್ತಿರುವುದೇ ತೊಂದರೆ.

ಇದು ಇಂದು ನಿನ್ನೆ ಕಂಡುಹಿಡಿದ ವಿಷಯವಲ್ಲ. ಕಲ್ಲಿದ್ದಲು ಸುಡುವುದರಿಂದ ಭೂಮಿ ಬಿಸಿಯಾಗಬಲ್ಲದೆಂದು ಸ್ವೀಡನ್ ದೇಶದ ವಿಜ್ಞಾನಿ ಅರ‍್ಹೀನಿಯಸ್ 1896ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದರು. 1958ರಿಂದ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಪ್ರಮಾಣವನ್ನು ಅಳೆಯುತ್ತ ಬರಲಾಗಿದೆ. ಕೈಗಾರಿಕೆಗಳು ಬೆಳೆಯುವ ಮೊದಲು ಹತ್ತು ಲಕ್ಷ ಭಾಗ ಗಾಳಿಯಲ್ಲಿ ಇದು ಸುಮಾರು 280 ಭಾಗವಿತ್ತು. 1958ರಲ್ಲಿ ಸುಮಾರು 315 ಆಗಿತ್ತು. ಈಗ 420ನ್ನು ದಾಟಿದೆ. ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ 2024ನೆಯ ವರ್ಷ ಈವರೆಗೆ ದಾಖಲಾದ ವರ್ಷಗಳಲ್ಲೆಲ್ಲ ಅತ್ಯಂತ ಬಿಸಿಯಾದುದು; 1850–1900ರ ಸರಾಸರಿಗಿಂತ ಸುಮಾರು 1.55 ಡಿಗ್ರಿ ಸೆಲ್ಸಿಯಸ್ ಹೆಚ್ಚು.

ಯಾವ ಯಾವ ಅನಿಲ, ಎಲ್ಲಿಂದ?

1. ಇಂಗಾಲದ ಡೈಆಕ್ಸೈಡ್: ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಮುಂತಾದುವನ್ನು ಸುಡುವುದರಿಂದ, ಸಿಮೆಂಟ್ ತಯಾರಿಕೆಯಿಂದ ಮತ್ತು ಕಾಡು ಕಡಿಯುವುದರಿಂದ ಬರುತ್ತದೆ. ಬಿಸಿ ಏರಿಕೆಯಲ್ಲಿ ಇದರದೇ ದೊಡ್ಡ ಪಾಲು. ಒಮ್ಮೆ ಗಾಳಿ ಸೇರಿದ ಈ ಅನಿಲದ ಗಣನೀಯ ಭಾಗ ನೂರಾರು ವರ್ಷ ಅಲ್ಲಿಯೇ ಉಳಿಯುತ್ತದೆ.

2. ಮಿಥೇನ್: ಇದು ರೈತರಿಗೆ ಹೊಸದಲ್ಲ. ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದು ಇದೇ ಅನಿಲ. ನೀರು ನಿಂತ ಭತ್ತದ ಗದ್ದೆಗೆ ಕಾಲಿಟ್ಟಾಗ ಕೆಸರಿನಿಂದ ಗುಳ್ಳೆಗಳೇಳುವುದನ್ನು ನೀವು ನೋಡಿರುತ್ತೀರಿ. ಆ ಗುಳ್ಳೆಗಳಲ್ಲಿ ಮಿಥೇನ್ ಇರುತ್ತದೆ. ನೀರು ಸದಾ ನಿಂತಾಗ ಮಣ್ಣಿನೊಳಕ್ಕೆ ಗಾಳಿ ಆಡುವುದಿಲ್ಲ. ಗಾಳಿಯಿಲ್ಲದ ಕಡೆ ಬದುಕುವ ಸೂಕ್ಷ್ಮಜೀವಿಗಳು ಹುಲ್ಲು, ಬೇರು, ಗೊಬ್ಬರವನ್ನು ಕೊಳೆಸಿ ಮಿಥೇನನ್ನು ಬಿಡುತ್ತವೆ. ಗ್ಯಾಸ್ ಗುಂಡಿಯಲ್ಲಿ ನಡೆಯುವುದೂ ಇದೇ, ಗದ್ದೆಯಲ್ಲಿ ನಡೆಯುವುದೂ ಇದೇ. ಗುಂಡಿಯ ಅನಿಲ ಒಲೆಗೆ ಬರುತ್ತದೆ, ಗದ್ದೆಯದು ಆಕಾಶಕ್ಕೆ ಹೋಗುತ್ತದೆ, ಅಷ್ಟೆ. ಮೆಲುಕು ಹಾಕುವ ದನ, ಎಮ್ಮೆ, ಕುರಿಗಳ ಹೊಟ್ಟೆಯಿಂದಲೂ ಇದು ಹೊರಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ತೂಕಕ್ಕೆ ತೂಕ ಹೋಲಿಸಿದರೆ ಮಿಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ಆದರೆ ಹನ್ನೆರಡು ವರ್ಷಗಳ ಆಸುಪಾಸಿನಲ್ಲಿ ಬಹುಪಾಲು ಕರಗಿಹೋಗುತ್ತದೆ. ಆದುದರಿಂದ ಮಿಥೇನನ್ನು ಕಡಿಮೆ ಮಾಡಿದರೆ ಅದರ ಫಲ ನಮ್ಮ ಜೀವಿತಕಾಲದಲ್ಲಿಯೇ ಕಾಣುತ್ತದೆ. ಮನುಷ್ಯರ ಚಟುವಟಿಕೆಯಿಂದ ಜಗತ್ತಿನಲ್ಲಿ ಹೊರಬೀಳುವ ಮಿಥೇನಿನಲ್ಲಿ ನೂರಕ್ಕೆ ಸುಮಾರು 8ರಿಂದ 10 ಭಾಗ ಭತ್ತದ ಗದ್ದೆಗಳದು.

3. ನೈಟ್ರಸ್ ಆಕ್ಸೈಡ್: ಪೈರು ಬಳಸಿಕೊಳ್ಳದೆ ಉಳಿದ ಸಾರಜನಕ ಗೊಬ್ಬರದ ಒಂದಂಶ ಈ ಅನಿಲವಾಗಿ ಹಾರಿಹೋಗುತ್ತದೆ. ಪ್ರಮಾಣ ಅಲ್ಪವಾದರೂ ಇದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 273 ಪಟ್ಟು ಪ್ರಬಲ. ಹಾರಿಹೋದುದು ರೈತ ಹಣ ಕೊಟ್ಟು ತಂದ ಯೂರಿಯಾ ಎಂಬುದನ್ನೂ ಮರೆಯಬಾರದು.

ಒಂದೇ ಕಾರಣದಿಂದ ನೆರೆಯೂ ಬರವೂ ಹೇಗೆ?

ಗಾಳಿ 1 ಡಿಗ್ರಿ ಬಿಸಿಯಾದರೆ ಅದು ಸುಮಾರು ನೂರಕ್ಕೆ 7 ಭಾಗ ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಹಾಗಾಗಿ ಮಳೆ ಬರಲು ಅನುಕೂಲವಾದ ದಿನ ಸುರಿಯುವುದು ಹೆಚ್ಚು. ಮಳೆ ಬಾರದ ದಿನಗಳಲ್ಲಿ ಅದೇ ಬಿಸಿ ಗಾಳಿ ನೆಲದಿಂದಲೂ ಕೆರೆಯಿಂದಲೂ ಪೈರಿನಿಂದಲೂ ಹೆಚ್ಚು ತೇವವನ್ನು ಹೀರಿಕೊಳ್ಳುತ್ತದೆ. ಸುರಿಯುವಾಗ ಒಂದೇ ಸಲ, ನಿಂತರೆ ಬಹುದಿನ ಎಂಬಂತಾಗುತ್ತದೆ.

ಕೇಂದ್ರ ಸರ್ಕಾರದ ಭೂ ವಿಜ್ಞಾನ ಸಚಿವಾಲಯ 2020ರಲ್ಲಿ ಪ್ರಕಟಿಸಿದ ವರದಿ ಇದನ್ನು ಅಂಕಿಗಳಲ್ಲಿ ಹೇಳುತ್ತದೆ. 1901ರಿಂದ 2018ರವರೆಗೆ ಭಾರತದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಏರಿದೆ. 1951ರಿಂದ 2015ರವರೆಗೆ ದೇಶದ ಮುಂಗಾರು ಮಳೆ ನೂರಕ್ಕೆ ಸುಮಾರು 6ರಷ್ಟು ಇಳಿದಿದೆ. ಹೆಚ್ಚು ಇಳಿದ ಪ್ರದೇಶಗಳಲ್ಲಿ ಪಶ್ಚಿಮ ಘಟ್ಟವೂ ಒಂದು. ಮುಂಗಾರಿನ ನಡುವೆ ಮಳೆ ಕೈಕೊಡುವ ಅವಧಿಗಳು 1951–80ಕ್ಕೆ ಹೋಲಿಸಿದರೆ 1981–2011ರಲ್ಲಿ ನೂರಕ್ಕೆ 27ರಷ್ಟು ಹೆಚ್ಚಾಗಿವೆ. ಅದೇ ವೇಳೆಗೆ, ಮಧ್ಯ ಭಾರತದಲ್ಲಿ ದಿನಕ್ಕೆ 150 ಮಿ.ಮೀ.ಗೂ ಮೀರಿ ಸುರಿಯುವ ಮಳೆಗಳು 1950ರಿಂದ 2015ರೊಳಗೆ ನೂರಕ್ಕೆ 75ರಷ್ಟು ಹೆಚ್ಚಿವೆ. ಒಟ್ಟು ಮಳೆ ಕಡಿಮೆಯಾಗಿಯೂ ಭಾರಿ ಮಳೆ ಹೆಚ್ಚಾಗಿರುವುದನ್ನು ಗಮನಿಸಬೇಕು.

ಪಶ್ಚಿಮ ಘಟ್ಟವೇ ತುಂಗೆ ಮತ್ತು ಭದ್ರೆಯ ತವರು. ಎರಡೂ ಗಂಗಾಮೂಲದಲ್ಲಿ ಹುಟ್ಟಿ ಬೇರೆ ಬೇರೆಯಾಗಿ ಹರಿದು ಶಿವಮೊಗ್ಗದ ಸಮೀಪ ಕೂಡಲಿಯಲ್ಲಿ ಸೇರುತ್ತವೆ. ಮುಂದೆ ಹೊನ್ನಾಳಿ, ಉಕ್ಕಡಗಾತ್ರಿ, ಹರಿಹರ. ಲಕ್ಕವಳ್ಳಿಯ ಭದ್ರಾ ಜಲಾಶಯ ಸುಮಾರು 71.5 ಟಿ.ಎಂ.ಸಿ. ನೀರು ಹಿಡಿಯುತ್ತದೆ. ಆದರೆ ತುಂಗೆಗೆ ಗಾಜನೂರಿನಲ್ಲಿರುವ ಅಣೆಕಟ್ಟೆ ಚಿಕ್ಕದು. ಅದರ ಸಂಗ್ರಹ 3 ಟಿ.ಎಂ.ಸಿ.ಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಶೃಂಗೇರಿ, ತೀರ್ಥಹಳ್ಳಿ ಕಡೆ ಪುಷ್ಯ–ಆಶ್ಲೇಷ ಮಳೆ ಜೋರಾದರೆ ತುಂಗೆಯ ನೀರು ತಡೆಯಿಲ್ಲದೆ ಕೆಳಕ್ಕೆ ಬರುತ್ತದೆ. ಭದ್ರೆಯೂ ತುಂಬಿ ಅದರ ಗೇಟುಗಳನ್ನು ಅದೇ ಹೊತ್ತಿಗೆ ತೆರೆಯಬೇಕಾಗಿ ಬಂದರೆ ಎರಡು ಹೊಳೆಯ ನೆರೆ ಒಟ್ಟಿಗೆ ಉಕ್ಕಡಗಾತ್ರಿಯ ಬಯಲಿಗೆ ಬರುತ್ತದೆ. 2024ರಲ್ಲಿ ಆದದ್ದು ಇದೇ. ಮಳೆ ಹಿಂದೆಗೆದ ವರ್ಷ ಭದ್ರೆ ತುಂಬುವುದೇ ಇಲ್ಲ. ಆಗ ನಾಲೆಯ ಕೊನೆ ಭಾಗದ ರೈತರಿಗೆ ಮೊದಲು ಪೆಟ್ಟು.

ಇಷ್ಟಾದರೂ, ಯಾವುದೋ ಒಂದು ವರ್ಷದ ನೆರೆಗೆ ಭೂಮಿಯ ಬಿಸಿಯೊಂದೇ ಕಾರಣವೆಂದು ಹೇಳುವುದು ಸರಿಯಲ್ಲ. ಬಿಸಿ ಹೆಚ್ಚುವ ಮೊದಲೂ ತುಂಗಭದ್ರೆ ಉಕ್ಕಿದೆ, ಬರವೂ ಬಂದಿದೆ. 2023ರ ಬರದ ಹಿಂದೆ ಪೆಸಿಫಿಕ್ ಸಾಗರದ ಎಲ್ ನಿನೋ ಪ್ರಭಾವವೂ ಇತ್ತು. ಹೊಳೆಯ ಅಂಚಿನವರೆಗೂ ಉಳುಮೆ, ತಗ್ಗು ಪ್ರದೇಶದಲ್ಲಿ ಮನೆ, ಮಿತಿಯಿಲ್ಲದ ಮರಳು ತೆಗೆತ ಇವುಗಳಿಂದಲೂ ಹಾನಿ ಹೆಚ್ಚುತ್ತದೆ. ಬಿಸಿ ಏರಿಕೆ ಮಾಡುವುದು ಇಷ್ಟು: ಮೊದಲು ಅಪರೂಪವಾಗಿದ್ದುದನ್ನು ಪದೇ ಪದೇ ಬರುವಂತೆ ಮಾಡುತ್ತದೆ, ಬಂದದ್ದನ್ನು ಇನ್ನಷ್ಟು ತೀವ್ರವಾಗಿಸುತ್ತದೆ.

ಪೈರಿನ ಮೇಲೆ ಬಿಸಿಯ ಪರಿಣಾಮ

ಭತ್ತದ ಹೂ ಅರಳುವುದು ಸಾಮಾನ್ಯವಾಗಿ ಬೆಳಗ್ಗೆ 9 ಗಂಟೆಯಿಂದ ಮಧ್ಯಾಹ್ನದೊಳಗೆ. ಆ ಹೊತ್ತಿನಲ್ಲಿ ಉಷ್ಣತೆ 35 ಡಿಗ್ರಿ ದಾಟಿದರೆ ಪರಾಗ ಕೆಡುತ್ತದೆ, ಕಾಳು ಕಟ್ಟುವುದಿಲ್ಲ. ತೆನೆ ನೋಡಲು ತುಂಬಿದಂತಿದ್ದರೂ ಒಕ್ಕಿದಾಗ ಜೊಳ್ಳು ಹೆಚ್ಚಾಗಿರುತ್ತದೆ. ಬೇಸಿಗೆ ಭತ್ತ ಏಪ್ರಿಲ್ ತಿಂಗಳಲ್ಲಿ ಹೂ ಬಿಟ್ಟರೆ ಈ ಅಪಾಯವಿದೆ.

ರಾತ್ರಿಯ ಸೆಕೆಯೂ ಪೈರಿಗೆ ಹಾನಿಕರ. ಹಗಲು ಬಿಸಿಲಿನಲ್ಲಿ ತಯಾರಿಸಿದ ಆಹಾರದ ಒಂದಂಶವನ್ನು ಪೈರು ರಾತ್ರಿ ಉಸಿರಾಟಕ್ಕಾಗಿ ಖರ್ಚು ಮಾಡುತ್ತದೆ. ರಾತ್ರಿ ಬಿಸಿಯಾದಷ್ಟೂ ಈ ಖರ್ಚು ಹೆಚ್ಚು, ಕಾಳಿಗೆ ಉಳಿಯುವುದು ಕಡಿಮೆ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ತಾಕುಗಳ ದಾಖಲೆಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟವಾದ ವರದಿಯಂತೆ, ಬೇಸಿಗೆ ಹಂಗಾಮಿನಲ್ಲಿ ರಾತ್ರಿಯ ಕನಿಷ್ಠ ಉಷ್ಣತೆ 1 ಡಿಗ್ರಿ ಏರಿದರೆ ಇಳುವರಿ ನೂರಕ್ಕೆ ಸುಮಾರು 10ರಷ್ಟು ಇಳಿದಿತ್ತು.

ಕೀಟಗಳಿಗೆ ಬೆಚ್ಚಗಿನ ವಾತಾವರಣ ಅನುಕೂಲ. ಮೆಕ್ಕೆಜೋಳಕ್ಕೆ ಬೀಳುವ ಫಾಲ್ ಸೈನಿಕ ಹುಳು ಅಮೆರಿಕ ಖಂಡದಿಂದ ಆಫ್ರಿಕಕ್ಕೆ ಬಂದು, ಭಾರತದಲ್ಲಿ ಮೊಟ್ಟಮೊದಲಿಗೆ 2018ರ ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ಪತ್ತೆಯಾಯಿತು. ಅದು ಇಲ್ಲಿಗೆ ಬಂದುದು ಭೂಮಿಯ ಬಿಸಿಯಿಂದಲ್ಲ. ಆದರೆ ಬಂದ ಮೇಲೆ ಬೆಚ್ಚಗಿನ ದಿನಗಳಲ್ಲಿ ಅದರ ಮೊಟ್ಟೆಯಿಂದ ಪತಂಗದವರೆಗಿನ ಅವಧಿ ಕಡಿಮೆಯಾಗಿ ಸಂತತಿ ಬೇಗ ಬೇಗ ಹೆಚ್ಚುತ್ತದೆ. ಮಳೆ ನಡುವೆ ಕೈಕೊಟ್ಟರೆ ದಾವಣಗೆರೆಯ ಮೆಕ್ಕೆಜೋಳದ ರೈತನಿಗೆ ತೇವದ ಕೊರತೆ ಮತ್ತು ಹುಳು ಎರಡೂ ಒಟ್ಟಿಗೆ ಬರುತ್ತವೆ.

ರೈತರು ಏನು ಮಾಡಬಹುದು?

(ಅ) ನೀರು ಕಟ್ಟಿ, ಆರಿಸಿ, ಮತ್ತೆ ಕಟ್ಟುವ ಪದ್ಧತಿ

ಭತ್ತ ನೀರಿನಲ್ಲಿ ಬೆಳೆಯಬಲ್ಲ ಪೈರೇ ಹೊರತು ನಾಟಿಯಿಂದ ಕಟಾವಿನವರೆಗೂ ನೀರಿನಲ್ಲಿಯೇ ನಿಲ್ಲಬೇಕಾದ ಪೈರಲ್ಲ. ನಡುನಡುವೆ ನೀರು ಇಂಗಲು ಬಿಟ್ಟರೆ ಮಣ್ಣಿಗೆ ಗಾಳಿ ಸೇರಿ ಮಿಥೇನ್ ಉತ್ಪತ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನೀರಿನಲ್ಲಿ ನೂರಕ್ಕೆ 20ರಿಂದ 30 ಭಾಗ ಉಳಿತಾಯವಾಗುತ್ತದೆ. ಸರಿಯಾಗಿ ಮಾಡಿದರೆ ಇಳುವರಿ ಕುಗ್ಗುವುದಿಲ್ಲ. ಕ್ರಮ ಹೀಗಿದೆ:

1. ಒಂದು ಅಡಿ ಉದ್ದದ, 4ರಿಂದ 6 ಅಂಗುಲ ಅಗಲದ ಪಿ.ವಿ.ಸಿ. ಕೊಳವೆ ಅಥವಾ ದಪ್ಪ ಬಿದಿರಿನ ತುಂಡು ತೆಗೆದುಕೊಳ್ಳಿ. ಕೆಳಗಿನ 20 ಸೆಂ.ಮೀ. ಭಾಗದಲ್ಲಿ ಸುತ್ತಲೂ ಸಣ್ಣ ತೂತುಗಳನ್ನು ಕೊರೆಯಿರಿ.

2. ತೂತಿರುವ ಭಾಗ ಮಣ್ಣಿನೊಳಗೆ, 10 ಸೆಂ.ಮೀ. ಮೇಲೆ ಇರುವಂತೆ ಬದುವಿನ ಹತ್ತಿರ ನೆಡಿ. ಒಳಗಿನ ಮಣ್ಣನ್ನು ತಳದವರೆಗೂ ತೆಗೆದುಬಿಡಿ. ಈಗ ಕೊಳವೆಯೊಳಗೆ ಕಾಣುವ ನೀರಿನ ಮಟ್ಟವೇ ಗದ್ದೆಯ ನೀರಿನ ಮಟ್ಟ.

3. ನಾಟಿಯಾದ ಮೊದಲ ಎರಡು ವಾರ 2 ಅಂಗುಲ ನೀರು ನಿಲ್ಲಿಸಿ. ಇದರಿಂದ ಸಸಿ ಬೇರು ಹಿಡಿಯುತ್ತದೆ, ಕಳೆಯೂ ಹತೋಟಿಯಲ್ಲಿರುತ್ತದೆ.

4. ಅನಂತರ ನೀರು ತಾನಾಗಿ ಇಂಗಲು ಬಿಡಿ. ಕೊಳವೆಯಲ್ಲಿ ನೀರು ನೆಲಮಟ್ಟದಿಂದ 15 ಸೆಂ.ಮೀ., ಅಂದರೆ ಅರ್ಧ ಅಡಿ ಕೆಳಗಿಳಿದಾಗ ಮತ್ತೆ 2 ಅಂಗುಲ ನೀರು ಕಟ್ಟಿ. ಮೇಲೆ ನೆಲ ಆರಿದಂತೆ ಕಂಡರೂ ಬೇರಿಗೆ ತೇವ ಸಿಗುತ್ತಿರುತ್ತದೆ.

5. ಹೂ ಬಿಡುವ ಒಂದು ವಾರ ಮೊದಲಿನಿಂದ ಹೂ ಮುಗಿದ ಒಂದು ವಾರದವರೆಗೆ ನೀರು ನಿಂತಿರಲೇಬೇಕು. ಈ ಹದಿನೈದು ದಿನಗಳಲ್ಲಿ ಆರಿಸಿದರೆ ಜೊಳ್ಳು ಖಂಡಿತ.

ಕಪ್ಪು ಮಣ್ಣಿನ ಗದ್ದೆಯಲ್ಲಿ ಬಿರುಕು ಬಿಡುವಷ್ಟು ಒಣಗಿಸಬಾರದು. ಬಿರುಕು ಬಿಟ್ಟರೆ ಮುಂದೆ ಕಟ್ಟಿದ ನೀರೆಲ್ಲ ಕೆಳಗೆ ಸೋರಿ ಉಳಿತಾಯ ವ್ಯರ್ಥವಾಗುತ್ತದೆ. ಕಳೆ ಸ್ವಲ್ಪ ಹೆಚ್ಚುವುದರಿಂದ ಸಾಲು ನಾಟಿ ಮಾಡಿ ಕಳೆ ಯಂತ್ರ ಓಡಿಸುವುದು ಒಳ್ಳೆಯದು.

ಉಳಿತಾಯದ ಲೆಕ್ಕ ನೋಡೋಣ. ಸದಾ ನೀರು ನಿಲ್ಲಿಸಿದ ಗದ್ದೆಗೆ ಒಂದು ಬೆಳೆಗೆ 1200 ಮಿ.ಮೀ. ನೀರು ಎಂದುಕೊಂಡರೆ ಎಕರೆಗೆ ಸುಮಾರು 48 ಲಕ್ಷ ಲೀಟರ್ ಆಗುತ್ತದೆ. ಕಾಲು ಭಾಗ ಉಳಿಸಿದರೆ ಎಕರೆಗೆ 12 ಲಕ್ಷ ಲೀಟರ್. ನಾಲೆಯ ತಲೆ ಭಾಗದ ಮೂರು ಎಕರೆಯಲ್ಲಿ ಉಳಿದ 36 ಲಕ್ಷ ಲೀಟರಿನಿಂದ ಕೊನೆ ಭಾಗದಲ್ಲಿ ಇದೇ ಪದ್ಧತಿಯ ಒಂದು ಎಕರೆ ಬೆಳೆಯಬಹುದು. ತಲೆ ಭಾಗದ ಬಸಿ ನೀರು ಈಗಲೂ ಹಳ್ಳಗಳ ಮೂಲಕ ಕೆಳಗಿನವರಿಗೆ ಒದಗುತ್ತಿರುವುದರಿಂದ ನಿಜವಾದ ಉಳಿತಾಯ ಇದಕ್ಕಿಂತ ಸ್ವಲ್ಪ ಕಡಿಮೆಯಾದೀತು. ಆದರೂ ಬರದ ವರ್ಷದಲ್ಲಿ ಒಂದು ಬೆಳೆ ಉಳಿಯುವುದಕ್ಕೂ ಸುಟ್ಟುಹೋಗುವುದಕ್ಕೂ ಇರುವ ಅಂತರ ಇಷ್ಟೇ ನೀರು.

(ಆ) ಯೂರಿಯಾ ಬಳಕೆ

ಗದ್ದೆ ಆರಿ ನೆನೆಯುವಾಗ ಸಾರಜನಕ ನೈಟ್ರಸ್ ಆಕ್ಸೈಡ್ ಆಗಿ ಹಾರಿಹೋಗುವ ಸಂಭವ ಹೆಚ್ಚು. ಆದುದರಿಂದ ಯೂರಿಯಾವನ್ನು ಒಮ್ಮೆಗೇ ಸುರಿಯದೆ ಕಂತುಗಳಲ್ಲಿ ಕೊಡಬೇಕು. ಮೇಲುಗೊಬ್ಬರ ಹಾಕಿದ ಕೂಡಲೇ ನೀರು ಕಟ್ಟಿ ಕೆಲವು ದಿನ ನಿಲ್ಲಿಸಬೇಕು. ಗೊಬ್ಬರ ಹಾಕಿ ಗದ್ದೆ ಆರಿಸಿದರೆ ಮಿಥೇನಿನಲ್ಲಿ ಗಳಿಸಿದ್ದನ್ನು ಇಲ್ಲಿ ಕಳೆದಂತೆ. ಎಲೆ ಬಣ್ಣದ ಪಟ್ಟಿಯಿಂದ ಪೈರಿನ ಬಣ್ಣ ನೋಡಿ ಬೇಕಾದಷ್ಟೇ ಕೊಡುವುದು ಲಾಭದಾಯಕ.

(ಇ) ಹುಲ್ಲು ಮತ್ತು ಕೂಳೆ

ಹಸಿ ಹುಲ್ಲನ್ನು ನಾಟಿಗೆ ಕೆಲವೇ ದಿನ ಮೊದಲು ಕೆಸರಿಗೆ ತುಳಿದರೆ ಮಿಥೇನ್ ಬಹಳ ಹೆಚ್ಚುತ್ತದೆ. ಕಟಾವಾದ ಬಳಿಕ ನೆಲದಲ್ಲಿ ಹಸಿ ಇರುವಾಗಲೇ ಉಳುಮೆ ಮಾಡಿ, ನಾಟಿಗೆ ಒಂದು ತಿಂಗಳಿಗೂ ಮೊದಲು ಕೂಳೆ ಕೊಳೆಯುವಂತೆ ನೋಡಿಕೊಳ್ಳಬೇಕು. ಹುಲ್ಲನ್ನು ದನಕ್ಕೆ ಹಾಕುವುದು, ಉಳಿದುದನ್ನು ಕಾಂಪೋಸ್ಟ್ ಮಾಡುವುದು ಉತ್ತಮ. ಸುಡುವುದು ಎಲ್ಲಕ್ಕಿಂತ ಕೆಟ್ಟ ಕ್ರಮ. ಸಗಣಿಯನ್ನು ಗೋಬರ್ ಗ್ಯಾಸಿಗೆ ಬಳಸಿದರೆ ಒಲೆಯೂ ಉರಿಯುತ್ತದೆ, ಗೊಬ್ಬರವೂ ಕೈಗೆ ಬರುತ್ತದೆ.

(ಈ) ಬೇಸಿಗೆ ಭತ್ತದ ಕಾಲ

ಸುಮಾರು 120 ದಿನಗಳ ತಳಿ ಬಿತ್ತಿದ 90 ದಿನಗಳ ಹೊತ್ತಿಗೆ ಹೂ ಬಿಡುತ್ತದೆ. ಡಿಸೆಂಬರ್ 20ಕ್ಕೆ ಸಸಿಮಡಿ ಮಾಡಿದರೆ ಮಾರ್ಚ್ ಮೂರನೆಯ ವಾರದಲ್ಲಿ ಹೂ. ಜನವರಿ 15ಕ್ಕೆ ಮಾಡಿದರೆ ಏಪ್ರಿಲ್ ಮಧ್ಯದ ಉರಿಬಿಸಿಲಿನಲ್ಲಿ ಹೂ. ನಾಲೆ ನೀರಿಗೆ ಕಾಯುತ್ತ ಕುಳಿತರೆ ತಡವಾಗುತ್ತದೆ. ಬಾವಿ ಅಥವಾ ಕೊಳವೆಬಾವಿ ಇರುವವರ ಜಮೀನಿನಲ್ಲಿ ನಾಲ್ಕಾರು ರೈತರು ಕೂಡಿ ಸಸಿಮಡಿ ಮಾಡಿಕೊಂಡರೆ ನೀರು ಬಿಟ್ಟ ವಾರದಲ್ಲಿಯೇ ನಾಟಿ ಮುಗಿಸಬಹುದು. ಜಲಾಶಯ ತುಂಬದ ವರ್ಷ ಬೇಸಿಗೆ ಭತ್ತದ ಆಸೆ ಬಿಟ್ಟು ಉದ್ದು, ಅಲಸಂದೆ, ಶೇಂಗಾದಂತಹ ಕಡಿಮೆ ನೀರಿನ ಬೆಳೆಗೆ ಹೋಗುವುದು ಜಾಣತನ.

(ಉ) ಹೊಳೆದಂಡೆಯ ಗದ್ದೆ

ಪ್ರತಿ ವರ್ಷ ನೆರೆ ಏರುವ ತಗ್ಗಿನ ಗದ್ದೆಗೆ ಎತ್ತರದ ಜಾಗದಲ್ಲಿ ಒಂದಿಷ್ಟು ಹೆಚ್ಚುವರಿ ಸಸಿಮಡಿ ಇಟ್ಟುಕೊಳ್ಳಬೇಕು. ಸಾಮಾನ್ಯ ಭತ್ತ ಮುಳುಗಿದಾಗ ಮೇಲೆ ಬರಲು ಬೇಗ ಬೇಗ ಉದ್ದ ಬೆಳೆದು ಶಕ್ತಿ ಕಳೆದುಕೊಳ್ಳುತ್ತದೆ. ನೀರು ಇಳಿದಾಗ ಮಲಗಿಬಿಡುತ್ತದೆ. ಒಡಿಶಾದ ಹಳೆಯ ತಳಿಯೊಂದರಲ್ಲಿ ಮುಳುಗಿದಾಗ ಬೆಳವಣಿಗೆ ನಿಲ್ಲಿಸಿ ಕಾಯುವ ಗುಣವಿತ್ತು. ಆ ಗುಣವನ್ನು ಸೇರಿಸಿ ಸಿದ್ಧಪಡಿಸಿದ ಸ್ವರ್ಣ ಸಬ್-1 ತಳಿ 2009ರಲ್ಲಿ ಬಿಡುಗಡೆಯಾಯಿತು. ಅದು ಸುಮಾರು ಎರಡು ವಾರದ ಮುಳುಗಡೆ ತಾಳುತ್ತದೆ. ಬಿ.ಪಿ.ಟಿ. 5204 ತಳಿಗೂ ಈ ಗುಣ ಸೇರಿಸಿ ಸಾಂಬಾ ಮಹ್ಸೂರಿ ಸಬ್-1 ಮಾಡಲಾಗಿದೆ. ಕೃಷಿ ವಿಜ್ಞಾನ ಕೇಂದ್ರದವರನ್ನು ವಿಚಾರಿಸಿ ಮೊದಲು ಒಂದು ಮಡಿಯಲ್ಲಿ ಬೆಳೆದು ನೋಡುವುದು ಸೂಕ್ತ.

ನೆರೆ ಇಳಿದ ಕೂಡಲೇ ಬದು ಕಡಿದು ನೀರು ಬಸಿಯಿರಿ. ಎಲೆಗೆ ಮೆತ್ತಿದ ರೇವೆಯನ್ನು ಶುದ್ಧ ನೀರು ಸಿಂಪಡಿಸಿ ತೊಳೆಯಿರಿ. ಯೂರಿಯಾ ಹಾಕಲು ಅವಸರಪಡಬೇಡಿ. ಹೊಸ ಎಲೆ ಕಾಣುವವರೆಗೆ ಒಂದು ವಾರ ಕಾದು, ಪೊಟ್ಯಾಷ್ ಸೇರಿಸಿ ಕೊಡಿ. ನೆರೆ ನೀರಿನ ಜೊತೆ ದುಂಡಾಣು ಎಲೆ ಅಂಗಮಾರಿ ಹರಡುವುದರಿಂದ ಹೆಚ್ಚು ಸಾರಜನಕ ಅಪಾಯಕಾರಿ. ಸತ್ತ ಗುಣಿಗಳಿಗೆ ಅದೇ ಗದ್ದೆಯ ತೆಂಡೆ ಒಡೆದು ನೆಡಬಹುದು. ಹೊಳೆಯ ಅಂಚಿನ ಕೆಲವು ಮಾರು ನೆಲವನ್ನು ಉಳದೆ ಬಿದಿರು, ಹೊಂಗೆ, ಲಾವಂಚ ಬೆಳೆಸಿದರೆ ದಂಡೆ ಕೊಚ್ಚುವುದು ತಗ್ಗುತ್ತದೆ.

ರೈತರು ಕೇಳುವ ಕೆಲವು ಪ್ರಶ್ನೆಗಳು

ಪ್ರಶ್ನೆ: ಇಂಗಾಲದ ಡೈಆಕ್ಸೈಡ್ ಪೈರಿನ ಆಹಾರವಲ್ಲವೇ? ಅದು ಹೆಚ್ಚಾದರೆ ಇಳುವರಿ ಹೆಚ್ಚಬೇಕಲ್ಲ?

ಉತ್ತರ: ನೀರು, ಗೊಬ್ಬರ, ಹವೆ ಎಲ್ಲವೂ ಸರಿಯಿದ್ದರೆ ಭತ್ತಕ್ಕೆ ಸ್ವಲ್ಪ ಲಾಭ ನಿಜ. ಆದರೆ ಹೂ ಬಿಡುವಾಗಿನ ಬಿಸಿ, ನೆರೆ, ಬರ ಆ ಲಾಭವನ್ನು ತಿಂದುಹಾಕುತ್ತವೆ. ಅಲ್ಲದೆ ಅಂತಹ ಕಾಳಿನಲ್ಲಿ ಸಸಾರಜನಕ ಮತ್ತು ಸತುವಿನ ಅಂಶ ಕಡಿಮೆಯಾಗುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಮೆಕ್ಕೆಜೋಳ, ಜೋಳ, ರಾಗಿಗಳಿಗೆ ಈ ಲಾಭವೂ ಅತ್ಯಲ್ಪ.

ಪ್ರಶ್ನೆ: ಹೊಗೆ ಬಿಟ್ಟವರು ಬೇರೆಯವರು. ನಾವೇಕೆ ನಮ್ಮ ಗದ್ದೆಯ ನೀರು ಕಡಿಮೆ ಮಾಡಬೇಕು?

ಉತ್ತರ: ಪ್ರಶ್ನೆ ನ್ಯಾಯವಾದದ್ದು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ತಲೆಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಭಾರತದಲ್ಲಿ ಸುಮಾರು 2 ಟನ್. ಉಕ್ಕಡಗಾತ್ರಿಯ ರೈತ ಗದ್ದೆ ಆರಿಸಿದ ಮಾತ್ರಕ್ಕೆ ಮುಂದಿನ ನೆರೆ ನಿಲ್ಲುವುದಿಲ್ಲ. ಕಲ್ಲಿದ್ದಲು, ತೈಲದ ಬಳಕೆ ಇಳಿಯದೆ ಭೂಮಿ ತಣ್ಣಗಾಗದು. ಆ ಹೊಣೆ ಹೆಚ್ಚು ಸುಟ್ಟವರ ಮೇಲಿದೆ. ಇಲ್ಲಿ ಹೇಳಿದ ಪದ್ಧತಿಯನ್ನು ರೈತ ಅನುಸರಿಸಬೇಕಾದುದು ಮೊದಲು ತನ್ನ ಬೆಳೆಗಾಗಿ, ನಾಲೆಯ ಕೊನೆಯ ತನ್ನ ನೆರೆಯವನಿಗಾಗಿ. ಮಿಥೇನ್ ತಗ್ಗುವುದು ಅದರ ಜೊತೆಗೆ ಬರುವ ಲಾಭ.

ಪ್ರಶ್ನೆ: ಮುಂದಿನ ಸರದಿಗೆ ನೀರು ಬರುವ ನಂಬಿಕೆಯೇ ಇಲ್ಲದಾಗ ನಿಂತ ನೀರನ್ನು ಇಂಗಲು ಬಿಡುವುದು ಹೇಗೆ?

ಉತ್ತರ: ಇದೇ ನಿಜವಾದ ತೊಡಕು. ನಂಬಿಕೆ ಇಲ್ಲದ ಕಡೆ ಸಿಕ್ಕಾಗ ತುಂಬಿಸಿಕೊಳ್ಳುವುದು ಸಹಜ. ಎಲ್ಲರೂ ಹಾಗೆ ಮಾಡಿದಾಗಲೇ ಕೊನೆಯವರಿಗೆ ನೀರು ತಪ್ಪುವುದು. ಒಬ್ಬ ರೈತನಿಂದ ಇದು ಬಗೆಹರಿಯದು. ನಾಲೆಯಲ್ಲಿ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ಕ್ರಮ ತೆಂಡೆ ಒಡೆಯುವ ಹಂತದಲ್ಲಿ ಪೈರಿಗೆ ಹಾನಿ ಮಾಡಲಾರದು. ಹೂವಿನ ಹಂತದಲ್ಲಿ ಮಾಡುತ್ತದೆ. ಆದುದರಿಂದ ನೀರು ಬಳಕೆದಾರರ ಸಂಘದವರು ತಮ್ಮ ಉಪನಾಲೆಯಲ್ಲಿ ನಾಟಿ ಒಂದೇ ವಾರದೊಳಗೆ ಮುಗಿಯುವಂತೆ ಒಪ್ಪಂದ ಮಾಡಿಕೊಂಡು, ಹೂವಿನ ಹದಿನೈದು ದಿನಕ್ಕೆ ನೀರು ಖಚಿತವಾಗಿ ಬೇಕೆಂದು ಹಂಗಾಮಿನ ಆರಂಭದಲ್ಲಿಯೇ ಕೇಳಬೇಕು. ವೇಳಾಪಟ್ಟಿ ಮುಂಚಿತವಾಗಿ ತಿಳಿದರೆ ರೈತ ಧೈರ್ಯವಾಗಿ ಗದ್ದೆ ಆರಿಸಬಲ್ಲ.

ಪ್ರಶ್ನೆ: ಆರಂಭಿಸುವುದು ಎಲ್ಲಿಂದ?

ಉತ್ತರ: ಸ್ವಂತ ಕೊಳವೆಬಾವಿಯ ಆಸರೆಯಿರುವ ಒಂದು ಮಡಿಯಿಂದ. ಪಕ್ಕದ ಮಡಿಯಲ್ಲಿ ಎಂದಿನಂತೆ ನೀರು ನಿಲ್ಲಿಸಿ. ಎರಡರ ತೆನೆ, ಕಾಳು, ಜೊಳ್ಳು ತೂಗಿ ನೋಡಿ ಮುಂದಿನ ಹಂಗಾಮಿಗೆ ತೀರ್ಮಾನಿಸಿ.

ಮಳೆಯನ್ನು ಬೇಕಾದಾಗ ತರಿಸುವುದು, ಬೇಡವಾದಾಗ ನಿಲ್ಲಿಸುವುದು ಯಾರ ಕೈಯಲ್ಲಿಯೂ ಇಲ್ಲ. ನೀರು ಹೆಚ್ಚಾದಾಗ ಬೇಗ ಬಸಿಯುವ, ಕಡಿಮೆಯಾದಾಗ ಅಳೆದು ಬಳಸುವ ಗದ್ದೆಯನ್ನು ಸಿದ್ಧಪಡಿಸುವುದು ಮಾತ್ರ ನಮ್ಮ ಕೈಯಲ್ಲಿದೆ. ಒಂದು ಅಡಿ ಉದ್ದದ ಕೊಳವೆಗೆ ಹೆಚ್ಚಿನ ಖರ್ಚಿಲ್ಲ. ಈ ಹಂಗಾಮಿನ ನಾಟಿಗೆ ಮುನ್ನವೇ ಅದನ್ನು ತೂತು ಕೊರೆದು ಸಿದ್ಧಮಾಡಿಟ್ಟುಕೊಳ್ಳಬೇಕೆಂದು ರೈತ ಬಾಂಧವರಲ್ಲಿ ವಿನಂತಿ.